ಕೆಜಿಎಫ್‌ನಲ್ಲಿ ಮುಗಿದದ್ದು ಚಿನ್ನವೋ, ಲೆಕ್ಕವೋ?

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಾಡುವ ಅವಸರದಲ್ಲಿ ಬಿಟ್ಟುಹೋದ ಒಂದಷ್ಟು ಅಂಕಿಅಂಶಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಕೆಲಸದ ಮೇಲೆ ನಾಗಪುರಕ್ಕೆ ಬಂದ ಹೊಸತರಲ್ಲಿ ಒಂದು ದಿನ ಸಿವಿಲ್ ಲೈನ್ಸ್ ಕಡೆ ಆಟೋದಲ್ಲಿ ಹೋಗ್ತಿದ್ದೆ. ಆಟೋದವರು "ಐಬಿಎಂ ಹತ್ತಿರ ಇಳಿದ್ಕೊಳ್ತೀರಾ?" ಅಂತ ಕೇಳಿದ್ರು. ನನಗೆ ಖುಷಿಯೋ ಖುಷಿ. ಅರೆ, ಇಲ್ಲೂ ಐಬಿಎಂ ಆಫೀಸ್ ಇದೆಯಾ, ಒಂದು ರೆಸ್ಯೂಮೆ ಕೊಟ್ಟು ನೋಡಬಹುದಲ್ಲ ಅಂತ. ಹೋಗಿ ನೋಡಿದ್ರೆ ಅದು ಕಂಪ್ಯೂಟರ್ ಕಂಪನಿ ಅಲ್ಲ, ಇಂಡಿಯನ್ ಬ್ಯೂರೋ ಆಫ್ ಮೈನ್ಸ್. ಭಾರತದ ಗಣಿಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ಇಲಾಖೆ, 1948ರ ಮಾರ್ಚ್ 1ರಂದು ಶುರುವಾದದ್ದು. ಅದೇ ಊರಿನ ಸೆಮಿನರಿ ಹಿಲ್ಸ್‌ನಲ್ಲಿ ಎಂಇಸಿಎಲ್ ಅಂತ ಇನ್ನೊಂದು ಸಂಸ್ಥೆಯ ಮುಖ್ಯ ಕಚೇರಿ ಇದೆ. ನೆಲಕ್ಕೆ ಬೋರ್ ಹಾಕಿ ಖನಿಜ ಎಷ್ಟಿದೆ ಅಂತ ಹುಡುಕುವ ಸರ್ಕಾರಿ ಕಂಪನಿ ಅದು. ಅಂದ್ರೆ ನಮ್ಮ ಕೋಲಾರದ ನೆಲದಡಿ ಏನಿದೆ ಅನ್ನೋ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ತಯಾರಾಗೋದು ಕೋಲಾರದಿಂದ ಸಾವಿರ ಕಿಲೋಮೀಟರ್ ದೂರದ ಈ ಕಿತ್ತಳೆ ಹಣ್ಣಿನ ಊರಲ್ಲಿ. ನನಗೆ ಈ ವಿಷಯದ ಹುಚ್ಚು ಹತ್ತಿದ್ದು ಹಾಗೆ.

ಚಿನ್ನದ ಬೆಲೆ ಏರಿದಾಗಲೆಲ್ಲ ಊರಿನ ಮದುವೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತೆ: "ಕೆಜಿಎಫ್ ಮತ್ತೆ ತೆರೀತಾರಂತೆ, ಹೌದಾ?" ಅದಕ್ಕೆ ಎರಡು ಸಿದ್ಧ ಉತ್ತರ ಇವೆ. ಒಬ್ಬರು, "ಎಲ್ಲಿಯ ಚಿನ್ನ, ಬ್ರಿಟಿಷರು ಬಳಕೊಂಡು ಹೋದ್ರು, ಈಗ ಬರೀ ಬಿಲ ಇದೆ" ಅಂತಾರೆ. ಇನ್ನೊಬ್ಬರು, "ಇನ್ನೂ ಬೇಕಾದಷ್ಟಿದೆ ಮಾರಾಯ, ಬೇಕಂತಲೇ ಮುಚ್ಚಿದ್ದಾರೆ" ಅಂತಾರೆ. ಎರಡೂ ತಪ್ಪು. ಯಾಕೆ ತಪ್ಪು ಅನ್ನೋದೇ ಇವತ್ತಿನ ಕಥೆ.

ಮೊದಲು ಮಣ್ಣು ಜಾಲಿಸಿದವರು

ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಆಮೇಲೆ ಮೈಸೂರು ಸೀಮೆಯ ಗಡಿ ಅಳೆಯುವ ಕೆಲಸ ನಡೀತು. ಆ ಸರ್ವೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಕೋಲಾರದ ಪೂರ್ವಕ್ಕೆ ಬಂದಾಗ, ಮಾರಿಕುಪ್ಪಂ, ಊರಿಗಾಂ ಕಡೆ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೀತಾರೆ ಅನ್ನೋ ಸುದ್ದಿ ಅವನ ಕಿವಿಗೆ ಬಿತ್ತು. ತನ್ನೆದುರಿಗೇ ತೆಗೆಸಿ ನೋಡಿದ. ಅಕ್ಕಿ ಜಾಲಿಸಿ ಕಲ್ಲು ತೆಗೀತಾರಲ್ಲ, ಹಾಗೆ ಮಣ್ಣು ಜಾಲಿಸಿ ತಳದಲ್ಲಿ ಉಳಿದ ಚಿನ್ನದ ಕಣ ಆರಿಸೋದು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಬಂತು ಅಂತ ಅವನ ಲೆಕ್ಕ. ಗ್ರೇನ್ ಅಂದ್ರೆ 65 ಮಿಲಿಗ್ರಾಂ. ಇವತ್ತಿನ ಭಾಷೆಗೆ ತಿರುಗಿಸಿದ್ರೆ ಒಂದು ಟನ್ನಿಗೆ ಒಂದು ಗ್ರಾಂ ಚಿಲ್ಲರೆ. ಈ ಸಂಖ್ಯೆಯನ್ನು ನೆನಪಲ್ಲಿಟ್ಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ವಾರನ್ ಬರೆದದ್ದು ಎಪ್ಪತ್ತು ವರ್ಷ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಅನ್ನೋ ನಿವೃತ್ತ ಸಿಪಾಯಿ 1871ರಲ್ಲಿ ಅದನ್ನು ಓದಿ, ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟ. ನಾವೆಲ್ಲ ವೀಕೆಂಡ್‌ನಲ್ಲಿ ಓಡಾಡಿರುವ ಲ್ಯಾವೆಲ್ ರಸ್ತೆ ಇದೇ ಪುಣ್ಯಾತ್ಮನ ಹೆಸರಿನದು. ನ್ಯೂಜಿಲೆಂಡ್‌ನಲ್ಲಿ ಯುದ್ಧಕ್ಕೆ ಹೋಗಿದ್ದವನಿಗೆ ಅಲ್ಲಿ ಚಿನ್ನದ ಹುಚ್ಚು ಹತ್ತಿತ್ತು. ಆಮೇಲೆ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಆದ್ರೆ ಕೈಯಲ್ಲಿ ದುಡ್ಡಿರಲಿಲ್ಲ, ಹಕ್ಕು ಬೇರೆಯವರಿಗೆ ಮಾರಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದರು.

ಈಗ ಸ್ವಾರಸ್ಯ ನೋಡಿ. ಟೇಲರ್ ಕಂಪನಿ ಬಂದ ಮೊದಲ ವರ್ಷಗಳಲ್ಲೇ "ಇಲ್ಲಿ ಚಿನ್ನ ಇಲ್ಲ" ಅನ್ನೋ ತೀರ್ಮಾನ ಹೆಚ್ಚುಕಡಿಮೆ ಆಗಿಹೋಗಿತ್ತು. ಹಾಕಿದ ಬಂಡವಾಳ ಕರಗುತ್ತಾ ಬಂದಿತ್ತು, ಷೇರುದಾರರು ಮುಚ್ಚಿಬಿಡೋಣ ಅಂತಿದ್ರು. ಆಗ ಮೈಸೂರು ಮೈನ್‌ನ ಕ್ಯಾಪ್ಟನ್ ಪ್ಲಮರ್, ಹಿಂದಿನ ಕಾಲದ ನಮ್ಮ ಜನ ತೋಡಿ ಬಿಟ್ಟಿದ್ದ ಹಳೇ ಗುಂಡಿಗಳ ಕೆಳಗೇ ಇನ್ನಷ್ಟು ಅಗೆದು ನೋಡಿದ. ಅಲ್ಲಿ ಸಿಕ್ಕಿತು ಚಾಂಪಿಯನ್ ಲೋಡ್. ಬೆಣಚುಕಲ್ಲಿನ ಒಂದು ತೆಳು ಎಳೆ. ಅಗಲ ಕಡಿಮೆ, ಆದ್ರೆ ಉದ್ದಕ್ಕೂ ಆಳಕ್ಕೂ ಕಿಲೋಮೀಟರ್‌ಗಟ್ಟಲೆ ಹೋಗುವ ಎಳೆ. ಮುಂದಿನ ನೂರು ಚಿಲ್ಲರೆ ವರ್ಷ ಕೆಜಿಎಫ್‌ಗೆ ಅನ್ನ ಹಾಕಿದ್ದು ಮುಖ್ಯವಾಗಿ ಅದೊಂದು ಎಳೆ.

ಹಾಗಾಗಿ ಕೆಜಿಎಫ್‌ನಲ್ಲಿ ಚಿನ್ನ "ಮುಗಿದದ್ದು" 2001ರಲ್ಲೇ ಮೊದಲ ಸಲ ಅಲ್ಲ. ಹಳೇ ಗುಂಡಿ ತೋಡಿದವರಿಗೆ ನೀರು ನುಗ್ಗಿ, ಆಳಕ್ಕೆ ಇಳಿಯಲಾಗದೆ ಮುಗಿದಿತ್ತು. ಟೇಲರ್ ಕಂಪನಿಗೂ ಮುಗಿಯೋದರಲ್ಲಿತ್ತು. ಎರಡು ಸಲವೂ ಮುಗಿದದ್ದು ಬೇರೆ ಏನೋ.

ಟನ್ನಿಗೆ ಎಷ್ಟು ಗ್ರಾಂ?

ಚಿನ್ನದ ಗಣಿಯ ಇಡೀ ಜಾತಕ ಒಂದೇ ಸಂಖ್ಯೆಯಲ್ಲಿ ಇರುತ್ತೆ. ಒಂದು ಟನ್ ಕಲ್ಲು ಒಡೆದು ಮೇಲೆ ತಂದು ಪುಡಿ ಮಾಡಿದ್ರೆ ಎಷ್ಟು ಗ್ರಾಂ ಚಿನ್ನ? ಇದಕ್ಕೆ ದರ್ಜೆ ಅಥವಾ ಗ್ರೇಡ್ ಅಂತಾರೆ.

ಕೆಜಿಎಫ್‌ನ ಮೊದಲ ದಶಕದಲ್ಲಿ ಈ ಸಂಖ್ಯೆ ಟನ್ನಿಗೆ 40 ಗ್ರಾಂ ದಾಟಿತ್ತು. ಇವತ್ತು ಪ್ರಪಂಚದಲ್ಲಿ 8-10 ಗ್ರಾಂ ಸಿಕ್ಕರೆ ಹಬ್ಬ ಮಾಡ್ತಾರೆ. 1905ರಲ್ಲಿ ಉತ್ಪಾದನೆ ತುದಿ ಮುಟ್ಟಿತು, ಆ ಒಂದೇ ವರ್ಷ 19 ಟನ್‌ಗೂ ಹೆಚ್ಚು ಚಿನ್ನ. ಈ ಗಣಿಗಾಗಿಯೇ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್‌ಗೆ ಕೊಟ್ಟರು. ಬೆಂಗಳೂರಿಗೆ ಕರೆಂಟ್ ಬಂದದ್ದು ಅದಾದ ಮೇಲೆ, 1905ರಲ್ಲಿ. ಬೆಂಗಳೂರಿನ ಐಟಿ ಬಗ್ಗೆ ಮೀಸೆ ತಿರುವುವ ನಾವು ಈ ಸರದಿಯನ್ನು ಮರೀಬಾರದು.

1905ರ ನಂತರ ಗ್ರಾಫ್ ಇಳಿಮುಖ. ಒಂದು ಬಾವಿ ಇದೆ ಅಂದ್ಕೊಳ್ಳಿ. ಮೇಲಿನ ನೀರು ಕೊಡದಲ್ಲಿ ಸಿಗುತ್ತೆ. ಕೆಳಗೆ ಹೋದಂತೆ ಹಗ್ಗ ಉದ್ದ ಆಗುತ್ತೆ, ಕೊಡ ಚಿಕ್ಕದಾಗುತ್ತೆ, ಎಳೆಯೋ ಕೈ ಸೋಲುತ್ತೆ. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರಿರುತ್ತೆ. ಮನುಷ್ಯ ಅಲ್ಲಿ ಉಳಿಯಬೇಕಾದ್ರೆ ತಣ್ಣಗಿನ ಗಾಳಿ ಕೆಳಗೆ ದೂಡಬೇಕು. ಕಲ್ಲು ತೆಗೆದು ಖಾಲಿಯಾದ ಜಾಗದ ಮೇಲೆ ಮೂರು ಕಿಲೋಮೀಟರ್ ಬಂಡೆಯ ಭಾರ ಕೂತಿರುತ್ತೆ, ಅದು ಒಮ್ಮೊಮ್ಮೆ ಸಿಡಿಯುತ್ತೆ. ಇದಕ್ಕೆ ರಾಕ್‌ಬರ್ಸ್ಟ್ ಅಂತಾರೆ. ಮೇಲೆ ಊರಲ್ಲಿ ಪಾತ್ರೆ ಅಲುಗಾಡಿದ್ರೆ, ಆ ಶಿಫ್ಟಿಗೆ ಹೋದವರ ಮನೆಯವರು ಶಾಫ್ಟ್ ಬಾಯಿಗೆ ಓಡುತ್ತಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯನ್ನು ಕೆಜಿಎಫ್‌ನಲ್ಲೇ ಶುರು ಮಾಡಿದ್ದು ಸುಮ್ಮನೆ ಅಲ್ಲ. ಬಂಡೆ ಸಿಡಿಯೋದನ್ನು ಓದಲು ಅದಕ್ಕಿಂತ ದೊಡ್ಡ ಪಾಠಶಾಲೆ ದೇಶದಲ್ಲಿ ಇರಲಿಲ್ಲ.

ಇತ್ತ ದರ್ಜೆ ಕೊನೆ ಕೊನೆಗೆ ಟನ್ನಿಗೆ 3 ಗ್ರಾಂ ಆಸುಪಾಸಿಗೆ ಬಂತು. ನೂರಿಪ್ಪತ್ತು ವರ್ಷದಲ್ಲಿ ತೆಗೆದ ಒಟ್ಟು ಚಿನ್ನ ಸುಮಾರು 800 ಟನ್. ಇದು ಎಷ್ಟು ಅಂತ ಅಂದಾಜಿಗೆ ಹೇಳ್ತೀನಿ: ಭಾರತ ಈಗ ಸಾಮಾನ್ಯವಾಗಿ ಒಂದೇ ವರ್ಷಕ್ಕೆ 700ರಿಂದ 800 ಟನ್ ಚಿನ್ನ ಆಮದು ಮಾಡ್ಕೊಳ್ಳುತ್ತೆ. ನಾಲ್ಕೈದು ತಲೆಮಾರು ಬೆವರು ಸುರಿಸಿ, ಶ್ವಾಸಕೋಶಕ್ಕೆ ಕಲ್ಲುಪುಡಿ ತುಂಬಿಸಿಕೊಂಡು ತೆಗೆದದ್ದು, ನಮ್ಮ ದೇಶದ ಒಂದು ವರ್ಷದ ಖರೀದಿ.

ಬೆಲೆ ಯಾರು ಬರೆದರು?

1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಹಣಕಾಸು ಸಚಿವಾಲಯದ ಕೈಗೆ ಹೋದವು. ಹಣಕಾಸು ಸಚಿವಾಲಯ ಅನ್ನೋದನ್ನು ಗಮನಿಸಿ. ಆಗ ಚಿನ್ನ ಅಂದ್ರೆ ವಿದೇಶಿ ವಿನಿಮಯ. ಔನ್ಸಿಗೆ 35 ಡಾಲರ್ ಅಂತ ಅಂತರರಾಷ್ಟ್ರೀಯ ಬೆಲೆ ಕಟ್ಟಿ ಹಾಕಿದ್ದ ಕಾಲ, 1971ರವರೆಗೂ ಹಾಗೇ ಇತ್ತು. ಪೇಟೆಯಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಮೇಲಿದ್ದರೂ, ಗಣಿಯ ಚಿನ್ನ ಸರ್ಕಾರಕ್ಕೆ ಹೋಗುತ್ತಿದ್ದದ್ದು ಅಧಿಕೃತ ದರದಲ್ಲಿ. ಖರ್ಚು ಪೇಟೆ ದರದಲ್ಲಿ, ಆದಾಯ ಕಡತದ ದರದಲ್ಲಿ. ಇಂಥ ಲೆಕ್ಕದಲ್ಲಿ ಯಾವ ಗಣಿಯೂ ಲಾಭ ತೋರಿಸೋದು ಕಷ್ಟ.

1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದ್ರೆ ಬಿಜಿಎಂಎಲ್ ಆಯಿತು. ಅದೇ 1972ರಲ್ಲಿ, ಖನಿಜ ಹುಡುಕೋಕೆ ಅಂತ ನಮ್ಮ ನಾಗಪುರದ ಎಂಇಸಿಎಲ್ ಹುಟ್ಟಿತು. ತೆಗೆಯೋರು ಒಬ್ಬರು, ಹುಡುಕೋರು ಇನ್ನೊಬ್ಬರು. ಕಾಗದದಲ್ಲಿ ಚೆನ್ನಾಗಿಯೇ ಇದೆ. ಆದ್ರೆ ಗಣಿ ಬದುಕಬೇಕಾದ್ರೆ ಹುಡುಕಾಟ ಯಾವಾಗಲೂ ಅಗೆತಕ್ಕಿಂತ ಹತ್ತು ಹದಿನೈದು ವರ್ಷ ಮುಂದೆ ಓಡ್ತಿರಬೇಕು. ಪ್ರತಿ ವರ್ಷ ತೆಗೆದಷ್ಟು ಅದಿರನ್ನು ಹೊಸದಾಗಿ ಹುಡುಕಿ ಜಮಾ ಮಾಡದಿದ್ರೆ, ಪಾಸ್‌ಬುಕ್‌ನಲ್ಲಿ ಬರೀ ಖರ್ಚೇ. ನಷ್ಟದಲ್ಲಿರೋ ಕಂಪನಿ ಮೊದಲು ಕಡಿತ ಮಾಡೋದು ಇಂಥ ಖರ್ಚನ್ನೇ, ಯಾಕಂದ್ರೆ ಅದರ ಫಲ ಈ ವರ್ಷ ಕಾಣಲ್ಲ. ನಮ್ಮ ಕಂಪನಿಗಳಲ್ಲಿ ಕಷ್ಟ ಬಂದಾಗ ಮೊದಲು ಕತ್ತರಿ ಬೀಳೋದು ಟ್ರೈನಿಂಗ್ ಬಜೆಟ್‌ಗೆ ಅಲ್ವಾ, ಹಾಗೆ.

1990ರ ದಶಕದಲ್ಲಿ ಬಿಜಿಎಂಎಲ್ ರೋಗಗ್ರಸ್ತ ಉದ್ದಿಮೆ ಅಂತ ಬಿಐಎಫ್ಆರ್ ಮುಂದೆ ಹೋಯಿತು. ಅದೇ ಹೊತ್ತಿಗೆ ಪ್ರಪಂಚದಲ್ಲಿ ಚಿನ್ನದ ಬೆಲೆ ನೆಲ ಕಚ್ಚಿತ್ತು, ಬ್ರಿಟನ್ ತನ್ನ ಖಜಾನೆಯ ಚಿನ್ನವನ್ನು ಹರಾಜು ಹಾಕುತ್ತಿದ್ದ ಕಾಲ ಅದು. 2001ರ ಆರಂಭದಲ್ಲಿ ಔನ್ಸಿಗೆ ಸುಮಾರು 270 ಡಾಲರ್. ನಮ್ಮಲ್ಲಿ ಗ್ರಾಂಗೆ ನಾನೂರು ರೂಪಾಯಿ ಚಿಲ್ಲರೆ. ಮೂರು ಕಿಲೋಮೀಟರ್ ಕೆಳಗಿಂದ ಒಂದು ಟನ್ ಕಲ್ಲು ತಂದು ಪುಡಿ ಮಾಡಿದ್ರೆ 3 ಗ್ರಾಂ, ಕೈಗೆ ಬರೋದು ಸಾವಿರದ ಇನ್ನೂರು, ಮುನ್ನೂರು ರೂಪಾಯಿ. ಖರ್ಚು ಅದಕ್ಕಿಂತ ಮೇಲೆ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಮಾರನೇ ದಿನ ಮಾರ್ಚ್ 1. ಇಲ್ಲಿ ನಾಗಪುರದ ಐಬಿಎಂಗೆ ಸಂಸ್ಥಾಪನಾ ದಿನ, ಅಲ್ಲಿ ಕೆಜಿಎಫ್‌ನಲ್ಲಿ ಕೆಲಸವಿಲ್ಲದ ಮೊದಲ ಬೆಳಗು.

ಪಂಪ್‌ಗಳು ನಿಂತವು. ಆ ಗಣಿಗಳ ಸುರಂಗಗಳಿಗೆ ನೀರು ತುಂಬತೊಡಗಿತು.

"ನಿಕ್ಷೇಪ" ಅನ್ನೋ ಪದ

ಈಗ ನಾಗಪುರಕ್ಕೆ ವಾಪಸ್ ಬರೋಣ. ಐಬಿಎಂ ಇಡುವ ರಾಷ್ಟ್ರೀಯ ಖನಿಜ ದಾಸ್ತಾನಿನಲ್ಲಿ ಎರಡು ಕಾಲಂ ಇವೆ. ಒಂದು ರಿಸರ್ವ್. ಇನ್ನೊಂದು ಉಳಿದ ಸಂಪನ್ಮೂಲ, ರಿಸೋರ್ಸ್. ಕನ್ನಡ ಪೇಪರ್‌ಗಳಲ್ಲಿ ಎರಡಕ್ಕೂ "ನಿಕ್ಷೇಪ" ಅಂತಲೇ ಹಾಕ್ತಾರೆ. ಎಲ್ಲ ಗೊಂದಲದ ಬೇರು ಅಲ್ಲಿದೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಸೋರ್ಸ್ ಅಂದ್ರೆ ಬ್ಯಾಕ್‌ಲಾಗ್. ನೆಲದಲ್ಲಿ ಇದೆ ಅಂತ ಒಂದು ಮಟ್ಟಿಗೆ ಗೊತ್ತು. ರಿಸರ್ವ್ ಅಂದ್ರೆ ಈ ಸ್ಪ್ರಿಂಟ್‌ಗೆ ಒಪ್ಪಿಕೊಂಡದ್ದು. ಬೋರ್ ಹಾಕಿ ಅಳೆದಾಗಿದೆ, ತೆಗೆಯೋ ವಿಧಾನ ಗೊತ್ತಿದೆ, ಇವತ್ತಿನ ಬೆಲೆಗೆ ಖರ್ಚು ಗಿಟ್ಟುತ್ತೆ, ಕಾನೂನಿನ ಅನುಮತಿಗೂ ದಾರಿ ಇದೆ. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಅದಿರು ಒಂದು ಕಾಲಂನಿಂದ ಇನ್ನೊಂದಕ್ಕೆ ಜಾರುತ್ತೆ. ನೆಲದಡಿ ಒಂದು ಕಲ್ಲೂ ಅಲುಗಾಡಿರಲ್ಲ.

2015ರ ಏಪ್ರಿಲ್ 1ರ ದಾಸ್ತಾನು ನೋಡಿ. ದೇಶದಲ್ಲಿ ಚಿನ್ನದ ಅದಿರು ಒಟ್ಟು 50.18 ಕೋಟಿ ಟನ್, ಅದರೊಳಗೆ ಚಿನ್ನ 654.74 ಟನ್. ಇದರಲ್ಲಿ ರಿಸರ್ವ್ ಅನ್ನಿಸಿಕೊಂಡದ್ದು ಬರೀ 1.72 ಕೋಟಿ ಟನ್ ಅದಿರು, ಸುಮಾರು 70 ಟನ್ ಚಿನ್ನ. ಅದರಲ್ಲಿ ಬಹುಪಾಲು ಕರ್ನಾಟಕದಲ್ಲೇ ಇದೆ. ಭಾಗಾಕಾರ ಮಾಡಿ: ರಿಸರ್ವ್‌ನ ದರ್ಜೆ ಟನ್ನಿಗೆ ಸುಮಾರು 4 ಗ್ರಾಂ, ಉಳಿದದ್ದರ ದರ್ಜೆ 1.2 ಗ್ರಾಂ. 1802ರಲ್ಲಿ ಹಳ್ಳಿಯವರು ಜಾಲಿಸಿ ತೋರಿಸಿದ ಮಣ್ಣಿನ ದರ್ಜೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತಲ್ಲ! ಅವರ ಕೂಲಿ ಲೆಕ್ಕಕ್ಕೆ ಅದು ಗಿಟ್ಟುತ್ತಿತ್ತು, ನಮ್ಮ ಪಟ್ಟಿಯಲ್ಲಿ ಅದು "ಉಳಿದದ್ದು".

ಇದು ಗೊತ್ತಿಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಎರಡು ಉದಾಹರಣೆ. 2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್‌ಗೂ ಹೆಚ್ಚು ಚಿನ್ನ ಸಿಕ್ಕಿದೆ ಅಂತ ಟಿವಿಯಲ್ಲಿ ದಿನವಿಡೀ ಓಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸ್ಪಷ್ಟನೆ ಕೊಟ್ಟಿತು: ಅಲ್ಲಿ ಇರೋದು 52,806 ಟನ್ ಅದಿರು, ಟನ್ನಿಗೆ 3.03 ಗ್ರಾಂ. ಗುಣಿಸಿದ್ರೆ 160 ಕಿಲೋ. ಟನ್ ಅಲ್ಲ, ಕಿಲೋ.

ಎರಡನೇದು, "ದೇಶದ 44% ಚಿನ್ನ ಬಿಹಾರದಲ್ಲಿದೆ" ಅನ್ನೋ ಸುದ್ದಿ. ಸಂಸತ್ತಿನಲ್ಲಿ ಕೊಟ್ಟ ಅಂಕಿಯೇ ಅದು, ಸುಳ್ಳಲ್ಲ. 44% ಇರೋದು ಅದಿರು, 22.28 ಕೋಟಿ ಟನ್. ಅದರೊಳಗಿನ ಚಿನ್ನ 37.6 ಟನ್. ಭಾಗಿಸಿದ್ರೆ ಟನ್ನಿಗೆ 0.17 ಗ್ರಾಂ. ಅಕ್ಕಿ ಮೂಟೆಗಳ ಎಣಿಕೆಯಲ್ಲಿ ಬಿಹಾರ ಮೊದಲು, ಮೂಟೆಯೊಳಗೆ ಇರೋದು ಹೆಚ್ಚಾಗಿ ಕಲ್ಲು. ಲೋಹದ ಲೆಕ್ಕದಲ್ಲಿ ಇವತ್ತಿಗೂ ಕರ್ನಾಟಕವೇ ಮುಂದೆ.

ಹಟ್ಟಿ ಹೇಳುವ ಪಾಠ

"ಹಾಗಾದ್ರೆ ಒಮ್ಮೆ ಮುಚ್ಚಿದ ಗಣಿ ಮತ್ತೆ ತೆರೆಯುತ್ತಾ?" ತೆರೆದದ್ದು ನಮ್ಮಲ್ಲೇ ಇದೆ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹಟ್ಟಿ. ಅಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದೆಯೇ ಜನ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಬೆಂಕಿ ಹಾಕಿ ಬಂಡೆ ಕಾಯಿಸಿ ಬಿರಿಯುವಂತೆ ಮಾಡಿ ಅಗೆಯೋ ಪದ್ಧತಿ. ಹಳೇ ಸುರಂಗದ ಮರದ ತುಂಡುಗಳನ್ನು ಪರೀಕ್ಷೆ ಮಾಡಿ ಈ ಕಾಲ ಕಂಡುಕೊಂಡಿದ್ದಾರೆ. ಆಮೇಲೆ ನಿಜಾಮರ ಆಳ್ವಿಕೆಯಲ್ಲಿ 1887ರಲ್ಲಿ ಬ್ರಿಟಿಷ್ ಕಂಪನಿ ಬಂತು, 1920ರಲ್ಲಿ ಗಣಿ ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಮತ್ತೆ ಶುರು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಟ್ಟಿ ಗೋಲ್ಡ್ ಮೈನ್ಸ್ ಆಯಿತು. ರಾಜ್ಯ ಸರ್ಕಾರದ ಈ ಕಂಪನಿ ಇವತ್ತಿಗೂ ಚಿನ್ನ ತೆಗೀತಿದೆ, ದೇಶದ ಗಣಿಯ ಚಿನ್ನದಲ್ಲಿ ಬಹುಪಾಲು ಅದರದ್ದೇ.

ಎರಡು ಸಲ ಮುಗಿದ ಗಣಿ ಮೂರನೇ ಸಲ ಎಪ್ಪತ್ತು ವರ್ಷಕ್ಕೂ ಮೀರಿ ನಡೆದಿದೆ. ಹಟ್ಟಿಯವರು ಮಾಡಿದ್ದು ಪವಾಡ ಏನಲ್ಲ. ಹಳೇ ಎಳೆಯ ಪಕ್ಕದ ಎಳೆ, ಅದರ ಪಕ್ಕದ ಊಟಿ, ಹೀರಾಬುದ್ದಿನ್ನಿ, ಹೀಗೆ ಸುತ್ತ ಹುಡುಕುತ್ತಾ ಹೋದರು. ಆಳ ಇನ್ನೂ ಕೆಜಿಎಫ್‌ನ ಮೂರನೇ ಒಂದರ ಹತ್ತಿರ ಮಾತ್ರ ಇದೆ ಅನ್ನೋ ಅನುಕೂಲವೂ ಅವರಿಗಿತ್ತು. ಬಿಜಿಎಂಎಲ್ ಸತ್ತು ಹಟ್ಟಿ ಬದುಕಿದ್ದಕ್ಕೆ ಅದೃಷ್ಟವೂ ಕಾರಣ, ಹುಡುಕಾಟವೂ ಕಾರಣ.

ಹಾಗಾದ್ರೆ ಕೆಜಿಎಫ್‌ನಲ್ಲಿ ಏನಿದೆ?

ಮೊದಲನೆಯದು ನೆಲದ ಮೇಲೇ ಇದೆ. ಸೈನೈಡ್ ಗುಡ್ಡಗಳು. ಸಿನಿಮಾ ಶೂಟಿಂಗ್‌ಗಳಲ್ಲಿ ನೋಡಿರ್ತೀರಿ. ನೂರು ವರ್ಷ ಚಿನ್ನ ತೆಗೆದು ಬಿಸಾಡಿದ ಕಲ್ಲುಪುಡಿ, 13 ದಿಬ್ಬ, ಸುಮಾರು 3.3 ಕೋಟಿ ಟನ್. ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಅದರಲ್ಲಿ ಉಳಿದಿದೆ. 2001ರಲ್ಲಿ ಅದು ಕಸ. 2025ರಲ್ಲಿ ಹತ್ತು ಗ್ರಾಂಗೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಅದು ಆಸ್ತಿ. ಅಗೆಯೋದು ಬೇಡ, ಆಳಕ್ಕೆ ಇಳಿಯೋದು ಬೇಡ, ಪುಡಿ ಮಾಡಿಯೂ ಆಗಿದೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಸುತ್ತ ಡಿಆರ್‌ಡಿ ಗೋಲ್ಡ್ ಅನ್ನೋ ಕಂಪನಿ ಹಳೇ ದಿಬ್ಬಗಳನ್ನು ಮತ್ತೆ ತೊಳೆದೇ ಬದುಕುತ್ತಿದೆ. ನಮ್ಮಲ್ಲಿ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸಾವಿರ ಎಕರೆ ಚಿಲ್ಲರೆ ಜಾಗದಲ್ಲಿರುವ ಈ 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಎರಡನೆಯದು, ಅಗೆಯದೇ ಉಳಿದ ನೆಲ. ಕೋಲಾರದ ಶಿಲಾ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಇದೆ, ಆಂಧ್ರದ ಚಿತ್ತೂರು ಕಡೆವರೆಗೂ ಹೋಗುತ್ತೆ. ನಾವು ಕೆಜಿಎಫ್ ಅಂತ ಕರೆಯೋ ಆಳದ ಗಣಿಗಳೆಲ್ಲ ಇರೋದು ಅದರ ಎಂಟು ಹತ್ತು ಕಿಲೋಮೀಟರ್ ತುಂಡಿನಲ್ಲಿ. 2020ರಲ್ಲಿ ಬಿಜಿಎಂಎಲ್ ಜಮೀನಿನಲ್ಲಿ 3,200 ಎಕರೆಯನ್ನು ಕೈಗಾರಿಕಾ ಪಾರ್ಕಿಗೆ ಕೊಡಿ ಅಂತ ರಾಜ್ಯ ಕೇಳಿದಾಗ, ಮೊದಲು ಅಲ್ಲಿ ಖನಿಜ ಇದೆಯಾ ನೋಡಲಿ ಅಂತ ಕೇಂದ್ರ ಆ ಕೆಲಸವನ್ನು ಎಂಇಸಿಎಲ್‌ಗೆ ವಹಿಸಿತು. ನನ್ನ ಆಟೋ ದಾರಿಯ ಆಫೀಸಿಗೆ!

ಮೂರನೆಯದು, ಚಾಂಪಿಯನ್ ಎಳೆಯ ಇನ್ನೂ ಆಳದ ಭಾಗ. ಇದೇ ಎಲ್ಲರ ಕನಸು, ಇದೇ ಎಲ್ಲಕ್ಕಿಂತ ದೂರದ್ದು. ನೀರು ಖಾಲಿ ಮಾಡಬೇಕು, ಶಾಫ್ಟ್ ದುರಸ್ತಿ ಮಾಡಬೇಕು, ಆಮೇಲೆ 3 ಕಿಲೋಮೀಟರ್ ಕೆಳಗಿಂದ ಬೋರ್ ಹಾಕಬೇಕು. ಚಿನ್ನ ಸಮನಾಗಿ ಹರಡಿರಲ್ಲ, ಉಪ್ಪಿಟ್ಟಿನಲ್ಲಿ ಗೋಡಂಬಿ ಇದ್ದ ಹಾಗೆ. ಒಂದು ಚಮಚದಲ್ಲಿ ಎರಡು ಸಿಕ್ಕರೆ ಪಾತ್ರೆ ತುಂಬ ಗೋಡಂಬಿ ಅಂತ ಅರ್ಥ ಅಲ್ಲ. ಅದಕ್ಕೇ ಹತ್ತಿರ ಹತ್ತಿರ ಎಷ್ಟೋ ಬೋರ್ ಬೇಕು, ಪ್ರತಿ ಬೋರ್‌ಗೂ ದುಡ್ಡು ಬೇಕು. ಬೆಲೆ 2001ಕ್ಕಿಂತ ಇಪ್ಪತ್ತು ಪಟ್ಟಿಗೂ ಮೇಲೆ ಏರಿದೆ, ನಿಜ. ಕೂಲಿ, ಕರೆಂಟ್, ಸುರಕ್ಷತೆಯ ಖರ್ಚೂ ನಿಂತಲ್ಲೇ ನಿಂತಿಲ್ಲ.

ಕಾನೂನೂ ಬದಲಾಗಿದೆ. 2015ರಿಂದ ಗಣಿ ಗುತ್ತಿಗೆ ಹರಾಜಿನಲ್ಲೇ ಕೊಡಬೇಕು. ಹುಡುಕಿದವನಿಗೇ ಗಣಿ ಸಿಗುತ್ತೆ ಅನ್ನೋ ಖಾತ್ರಿ ಹೋದ ಮೇಲೆ, ಕಷ್ಟಪಟ್ಟು ಹುಡುಕೋಕೆ ಖಾಸಗಿಯವರು ಹಿಂಜರಿದರು. ಅದನ್ನು ಸರಿಪಡಿಸಲು 2023ರ ತಿದ್ದುಪಡಿಯಲ್ಲಿ ಚಿನ್ನವೂ ಸೇರಿ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಅಂತ ಹೊಸದಾಗಿ ತಂದರು. ಹುಡುಕಿಕೊಟ್ಟವರಿಗೆ ಮುಂದೆ ಹರಾಜಿನ ಆದಾಯದಲ್ಲಿ ಪಾಲು.

ಎಲ್ಲ ಕಡೆ ಹುಡುಕಲೇಬೇಕು ಅಂತಲೂ ಅಲ್ಲ. ಗದಗದ ಕಪ್ಪತಗುಡ್ಡದಲ್ಲಿ ಚಿನ್ನ ಇರೋದು ನೂರು ವರ್ಷದಿಂದ ಗೊತ್ತು. ಅಲ್ಲಿನ ಜನ ಮತ್ತು ಮಠದವರು ಹೋರಾಡಿ ಗುಡ್ಡ ಉಳಿಸಿಕೊಂಡರು, 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ನೆಲದಡಿ ಇರೋದು ಗೊತ್ತಿದ್ದೂ ಅದನ್ನು ರಿಸರ್ವ್ ಮಾಡದೆ ಬಿಡೋದು ಕೂಡ ಒಂದು ತೀರ್ಮಾನ.

ಮನುಷ್ಯರ ಕಾಲಂ ಎಲ್ಲಿ?

ಇಷ್ಟೆಲ್ಲ ಓದಿದ ಮೇಲೆ ನನ್ನನ್ನು ಕಾಡೋದು ಒಂದೇ. "ಚಿನ್ನ ಮುಗೀತು" ಅನ್ನೋ ವಾಕ್ಯ ಕೇಳೋಕೆ ಪ್ರಕೃತಿಯ ನಿಯಮದ ಹಾಗಿದೆ. ಮಳೆ ನಿಂತಿತು ಅಂದ ಹಾಗೆ. ಅದರಲ್ಲಿ ಯಾರ ತಪ್ಪೂ ಇಲ್ಲ, ಯಾರೂ ಉತ್ತರ ಕೊಡಬೇಕಿಲ್ಲ. ಆದ್ರೆ ನಡೆದದ್ದು ಒಂದು ಲೆಕ್ಕ, ಒಂದು ಬೆಲೆಗೆ, ಒಂದು ದಿನ ಮಾಡಿದ ಲೆಕ್ಕ. ಆ ದಿನದ ಮಟ್ಟಿಗೆ ಅದು ಸರಿಯೇ ಇದ್ದಿರಬಹುದು. ಬೆಲೆ ಮತ್ತೆ ಏರಿದಾಗ ದಿಬ್ಬದ ಕಲ್ಲುಪುಡಿ ಕಸದ ಕಾಲಂನಿಂದ ಆಸ್ತಿಯ ಕಾಲಂಗೆ ಬಂತು. ಅವತ್ತು ಕೆಲಸ ಕಳಕೊಂಡ ಸಾವಿರಾರು ಜನ ಯಾವ ಕಾಲಂಗೂ ವಾಪಸ್ ಬರಲಿಲ್ಲ. ಅವರ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಬಂದು, ರಾತ್ರಿ ವಾಪಸ್ ಹೋಗ್ತಾರೆ. ನಮ್ಮ ಟೆಕ್ ಪಾರ್ಕ್‌ಗಳ ಗೇಟಿನಲ್ಲಿ, ಕ್ಯಾಂಟೀನಿನಲ್ಲಿ, ಪಕ್ಕದ ಡೆಸ್ಕಿನಲ್ಲೂ ಇರ್ತಾರೆ. ಬೇಸಿಗೆ ಗಾಳಿಗೆ ಆ ದಿಬ್ಬದ ಧೂಳು ಇಷ್ಟು ವರ್ಷ ಕುಡಿದದ್ದು ಅವರ ಮನೆಯವರು. ದಿಬ್ಬ ಆಸ್ತಿ ಆಗೋದಾದ್ರೆ ಅದರಲ್ಲಿ ಮೊದಲ ಹಕ್ಕು ಯಾರದು ಅನ್ನೋದು ಭೂವಿಜ್ಞಾನದ ಪ್ರಶ್ನೆ ಅಲ್ಲ, ಆದ್ರೂ ಕೇಳಲೇಬೇಕಾದ ಪ್ರಶ್ನೆ.

ಇನ್ನೊಂದು ನಷ್ಟ ಇದೆ, ಅದನ್ನು ನಾವು ಐಟಿಯವರು ಬೇಗ ಅರ್ಥ ಮಾಡ್ಕೋಬಹುದು. ಹಳೇ ಸಿಸ್ಟಮ್ ಮುಚ್ಚಿದಾಗ ಅದನ್ನು ಬಲ್ಲವರು ಹೊರಟುಹೋದ್ರೆ ಡಾಕ್ಯುಮೆಂಟ್ ಎಷ್ಟಿದ್ದರೂ ಸಾಲಲ್ಲ. ಯಾವ ಮಟ್ಟದಲ್ಲಿ ಬಂಡೆ ಹೇಗೆ ಸದ್ದು ಮಾಡುತ್ತೆ, ಎಲ್ಲಿ ಎಳೆ ಮಡಚಿಕೊಂಡು ಮಾಯವಾಗಿ ಮತ್ತೆ ಕಾಣಿಸುತ್ತೆ, ಇದೆಲ್ಲ ಕೆಲಸಗಾರರ ಕೈಯಲ್ಲಿ, ಕಿವಿಯಲ್ಲಿ ಇತ್ತು. ಅವತ್ತು ಮೂವತ್ತು ವರ್ಷದವರಾಗಿದ್ದವರಿಗೆ ಈಗ ಐವತ್ತೈದು ದಾಟಿದೆ. ಚಿನ್ನ ನೆಲದಲ್ಲಿ ಕಾಯುತ್ತೆ, ಅದಕ್ಕೆ ಅವಸರ ಇಲ್ಲ. ತಿಳಿವಳಿಕೆ ಕಾಯಲ್ಲ.

ಹಾಗಾಗಿ ಮುಂದಿನ ಸಲ "ಕೆಜಿಎಫ್‌ನಲ್ಲಿ ಇಷ್ಟು ಟನ್ ಚಿನ್ನ" ಅಂತ ಸುದ್ದಿ ಬಂದಾಗ ಫಾರ್ವರ್ಡ್ ಮಾಡೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಇದು ಅದಿರೋ, ಲೋಹವೋ? ಟನ್ನಿಗೆ ಎಷ್ಟು ಗ್ರಾಂ? ರಿಸರ್ವೋ, ರಿಸೋರ್ಸೋ? ತೆಗೆದ್ರೆ ಅಲ್ಲಿನವರಿಗೆ ಏನು ಸಿಗುತ್ತೆ? ಮೊದಲ ಮೂರಕ್ಕೆ ಉತ್ತರ ನಾಗಪುರದ ಪುಸ್ತಕಗಳಲ್ಲಿ ಸಿಗುತ್ತೆ. ನಾಲ್ಕನೆಯದಕ್ಕೆ ಅಲ್ಲಿ ಕಾಲಂ ಇಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಕೆಜಿಎಫ್‌ನಲ್ಲೋ ಹಟ್ಟಿಯಲ್ಲೋ ಕೆಲಸ ಮಾಡಿದವರಿದ್ರೆ, ಸಲ ಸಿಕ್ಕಾಗ ಕೂರಿಸಿ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಮುಂದಿನ ವಾರ ಸಿಗೋಣ.